ಬೆಟ್ಟ ಕೊರೆಯುವ ಟೆಂಡರ್

ಕಾಡಿನ ರಾಜ ಸಿಂಹ ಬೆಟ್ಟದಲ್ಲಿ ಸುರಂಗ ಕೊರೆಯಲು ಟೆಂಡರ್ ಕರೆಯಿತು.

"ಪ್ರಭು, ಒಳಗೆ ಬಂಡೆ ಇರಬಹುದು. ನಾಲ್ಕು ಕಡೆ ತೋಡಿ ನೋಡಿ ದರ ಹೇಳುತ್ತೇನೆ" ಎಂದಿತು ಹೆಗ್ಗಣ.

ಓತಿಕ್ಯಾತ ಬೆಟ್ಟದತ್ತ ತಿರುಗಿಯೂ ನೋಡದೆ, "ನೂರು ಕೊಡ ಜೇನು, ಅಷ್ಟೇ!" ಎಂದು ತಲೆಯಾಡಿಸಿತು. ಕೆಲಸ ಅದಕ್ಕೇ ಸಿಕ್ಕಿತು.

ಅರ್ಧ ಕೊರೆಯುವಷ್ಟರಲ್ಲಿ ಬಂಡೆ ಅಡ್ಡ ಬಂತು. "ಬಂಡೆ ಟೆಂಡರಿನಲ್ಲಿ ಇರಲಿಲ್ಲ ಪ್ರಭು. ಇನ್ನೂ ಮುನ್ನೂರು ಕೊಡ ಬೇಕು" ಎಂದಿತು ಓತಿಕ್ಯಾತ.

"ಮೊದಲೇ ನೋಡಬಾರದಿತ್ತೇ?" ಎಂದು ಸಿಂಹ ಗುಡುಗಿತು.

"ನೋಡಿದ್ದರೆ ನಿಜವಾದ ದರ ಹೇಳಬೇಕಾಗುತ್ತಿತ್ತು. ಆಗ ತಾವು ನನಗೆ ಕೆಲಸ ಕೊಡುತ್ತಿದ್ದಿರಾ?"

ಸಿಂಹ ಅರ್ಧ ಸುರಂಗವನ್ನೊಮ್ಮೆ ನೋಡಿ ಜೇನು ಕೊಡಿಸಿತು. ಮರುದಿನ ಹೆಗ್ಗಣಕ್ಕೆ ನೋಟಿಸ್ ಬಂತು: "ಶುಭಕಾರ್ಯದ ಆರಂಭದಲ್ಲೇ ನೀವು ಬಂಡೆಯ ಮಾತೆತ್ತಿದ್ದರಿಂದ ಬಂಡೆ ಸಿಕ್ಕಿದೆ. ನಿಮ್ಮನ್ನು ಕಪ್ಪುಪಟ್ಟಿಗೆ ಸೇರಿಸಲಾಗಿದೆ."