ಬತ್ತಿಯವನ ಹಾಡು

"ಗುರುಗಳೇ, ಒಂದು ಹಾಡಿನ ಅರ್ಥ ತಿಳಿಯಬೇಕಾಗಿತ್ತು" ಎಂದ ಚನ್ನಮಲ್ಲ.

ಅವನು ಮಠದ ಪ್ರಸಾದ ನಿಲಯದಲ್ಲಿದ್ದು ಕಾಲೇಜು ಓದುತ್ತಿದ್ದವನು. ಬೆಳಗಿನ ಪೂಜೆ ಮುಗಿಯುವುದನ್ನೇ ಕಾದು ಬಂದಿದ್ದ. ಬಲಗೈಗೆ ಕರವಸ್ತ್ರ ಸುತ್ತಿ ಮಡಿಲಲ್ಲಿ ಅಡಗಿಸಿಕೊಂಡು ಕೂತಿದ್ದ. ಗುರುಗಳು ಅದನ್ನು ನೋಡಿದರು, ಏನೆಂದು ಕೇಳಲಿಲ್ಲ.

"ಅದು ರಾಕ್ ಹಾಡು. ಒಬ್ಬ ಗಂಡಸು ತಾನು ಕುಡಿದದ್ದು, ಹೊಡೆದದ್ದು, ಯಾರಿಗೂ ಜಗ್ಗದೆ ಮೆರೆದದ್ದು ಎಲ್ಲವನ್ನೂ ಎದೆ ತಟ್ಟಿಕೊಂಡು ಹೇಳುತ್ತಾನೆ. ನನ್ನ ಕೋಣೆಯ ಗೆಳೆಯ ಅದನ್ನು ಹೊಗಳಿಕೆ ಅನ್ನುತ್ತಾನೆ, ಕನ್ನಡಿಯ ಮುಂದೆ ನಿಂತು ಹಾಡಿಕೊಳ್ಳುತ್ತಾನೆ. ಅಂಥ ಗಂಡಸರನ್ನು ಗೇಲಿ ಮಾಡುವ ಹಾಡು ಅದು ಅಂತ ನಾನು ಹೇಳಿದೆ. ಮೊನ್ನೆಯಿಂದ ನಮಗೆ ಮಾತಿಲ್ಲ. ತಾವೇ ಹೇಳಿ ಗುರುಗಳೇ, ಹಾಡು ಹೊಗಳುತ್ತಿದೆಯೋ, ಗೇಲಿ ಮಾಡುತ್ತಿದೆಯೋ?"

"ಆ ಹಾಡು ನಾನು ಕೇಳಿದವನಲ್ಲ. ಇನ್ನೊಂದು ಹಾಡಿನ ಕತೆ ಗೊತ್ತು, ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ಒಂದು ಕಲ್ಲಿನ ಕ್ವಾರಿ. ಅಲ್ಲೊಬ್ಬ ಬತ್ತಿಯವನಿದ್ದ. ಬಂಡೆಗೆ ಕುಳಿ ಕೊರೆದು ಮದ್ದು ತುಂಬಿದ ಮೇಲೆ ಬತ್ತಿಗೆ ಬೆಂಕಿ ಹಚ್ಚುವುದು ಅವನ ಕೆಲಸ. ಸೀಟಿ ಊದಿದೊಡನೆ ಉಳಿದವರೆಲ್ಲ ಎದ್ದುಬಿದ್ದು ಓಡಿ ದೊಡ್ಡ ಬಂಡೆಯ ಮರೆ ಸೇರುತ್ತಿದ್ದರು. ಬತ್ತಿಯವನು ಮಾತ್ರ ಓಡುತ್ತಿರಲಿಲ್ಲ. ಬೆಂಕಿ ಹಚ್ಚಿ, ಬೆನ್ನು ತಿರುಗಿಸಿ, ಬೀಗರ ಮನೆಗೆ ಊಟಕ್ಕೆ ಹೊರಟವನ ಹಾಗೆ ನಡೆದು ಬರುತ್ತಿದ್ದ.

ಅದು ಆ ಕ್ವಾರಿಯ ರಿವಾಜು. ಬತ್ತಿಯವನು ಓಡಬಾರದು. ಓಡಿದರೆ ಹೊತ್ತು ಮುಳುಗುವ ತನಕ ಬಳೆ ತೊಡಬೇಕು. ಅದಕ್ಕೆಂದೇ ಎದುರಿನ ಚಹಾದ ಅಂಗಡಿಯಲ್ಲಿ ಒಂದು ಹಸಿರು ಗಾಜಿನ ಬಳೆಯನ್ನು ಮೊಳೆಗೆ ನೇತುಹಾಕಿದ್ದರು. ಅದನ್ನು ಯಾರೂ ತೊಟ್ಟಿರಲಿಲ್ಲ. ಇವನಿಗಿಂತ ಮುಂಚೆ ಇದ್ದ ಬತ್ತಿಯವನೂ ಓಡಿರಲಿಲ್ಲ. ಅವನ ಹೆಂಡತಿ ಈಗ ಅದೇ ಕ್ವಾರಿಯಲ್ಲಿ, ಬಳೆಯಿಲ್ಲದ ಕೈಯಲ್ಲಿ ಜಲ್ಲಿ ಒಡೆಯುತ್ತಿದ್ದಳು.

ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಹಾಡುಗಾರ ಒಂದು ದಿನ ಅಲ್ಲಿ ತಂಗಿದ. ಬತ್ತಿಯವನ ನಡಿಗೆ ಕಂಡ. ಸಂಜೆ ಅಂಗಡಿಯ ಮುಂದೆ ದಪ್ಪು ಬಡಿಯುತ್ತ ಹಾಡು ಕಟ್ಟಿದ.

ಓಡುವವ ನಾನಲ್ಲ, ಬೇಕಿದ್ದರೆ ಗುಡ್ಡ ಓಡಲಿ,
ಅಳುವವ ನಾನಲ್ಲ, ಬೇಕಿದ್ದರೆ ಹೆಂಡತಿ ಅಳಲಿ.

ಗಂಡಸರೆಲ್ಲ ಕುಣಿದಾಡಿಬಿಟ್ಟರು. ಬತ್ತಿಯವನ ಎದೆ ಎರಡು ಗೇಣು ಉಬ್ಬಿತು. ತನ್ನ ಮೇಲೆ ಹಾಡು ಬಂದರೆ ಯಾರಿಗೆ ತಾನೇ ಬೇಡ! ಒಬ್ಬ ಮಾತ್ರ ಮೂಲೆಯಿಂದ, ಇದು ನಿನ್ನನ್ನು ಹೊಗಳಿದ್ದಲ್ಲ ಮಾರಾಯ, ಹಂಗಿಸಿದ್ದು ಎಂದ. ಬತ್ತಿಯವನು ಅವನಿಗೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಆ ಮನುಷ್ಯ ಮೂಗಿನ ರಕ್ತ ಒರೆಸಿಕೊಳ್ಳುತ್ತ ಮನೆಗೆ ಹೋದ.

ಆದರೂ ಮಾತು ಒಳಗೆ ನಾಟಿತ್ತು. ಬತ್ತಿಯವನು ಹಾಡುಗಾರನ ಎದುರು ಹೋಗಿ ನಿಂತ.

"ಖರೇ ಹೇಳು. ನನ್ನ ಹೊಗಳೀಯೋ, ಚ್ಯಾಷ್ಟಿ ಮಾಡೀಯೋ?"

ಹಾಡುಗಾರ ಅವನ ಮುಷ್ಟಿಯನ್ನೊಮ್ಮೆ ನೋಡಿದ. "ಕಂಡದ್ದನ್ನ ಹಾಡೀನ್ರೀ ಯಜಮಾನ್ರ. ಒಂದು ಮಾತು ಸುಳ್ಳಿದ್ರ ಹೇಳ್ರಿ, ಈಗ ತಗೀತೀನಿ."

ಬತ್ತಿಯವನು ಹಾಡನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಹಾಡಿಕೊಂಡ. ಸುಳ್ಳು ಸಿಗಲಿಲ್ಲ. ಹಾಗಾದರೆ ಹೊಗಳಿಕೆಯೇ ಎಂದು ಸಮಾಧಾನ ಮಾಡಿಕೊಂಡ.

ಅಂದಿನಿಂದ ಇನ್ನೊಂದು ರಿವಾಜು ಹುಟ್ಟಿತು. ಅವನು ಬತ್ತಿ ಹಚ್ಚಿ ಹೊರಟೊಡನೆ ಬಂಡೆಯ ಮರೆಯಲ್ಲಿದ್ದ ಗಂಡಸರು ಚಪ್ಪಾಳೆ ತಟ್ಟಿ ಆ ಹಾಡು ಹೇಳುತ್ತಿದ್ದರು. ಅವನು ಅದರ ತಾಳಕ್ಕೆ ಹೆಜ್ಜೆ ಹಾಕುತ್ತ, ಹಾಡು ಮುಗಿಯುವುದಕ್ಕೂ ಮರೆ ಸೇರುವುದಕ್ಕೂ ಸರಿಯಾಗಿ ಬರಬೇಕು. ಹುಮ್ಮಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಸಾಲು ಸೇರಿಸಿದರು. ಅವನು ಕುಡಿದದ್ದು ಒಂದು ಸಾಲಾಯಿತು, ಹೊಡೆದದ್ದು ಇನ್ನೊಂದಾಯಿತು. ಹಾಡು ಉದ್ದವಾಯಿತು. ಬತ್ತಿ ಮಾತ್ರ ಮೊದಲಿನಷ್ಟೇ ಇತ್ತು.

ಅವನಿಗೆ ಹೆದರಿಕೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು. ಪ್ರತಿ ಸಾರಿಯೂ ಬೆನ್ನು ಬೆವರುತ್ತಿತ್ತು. ಆದರೆ ಹಾಡಿನ ನಡುವೆ ಓಡುವುದು ಹೇಗೆ? ಮೊಳೆಯ ಮೇಲಿನ ಬಳೆ ಕಣ್ಣ ಮುಂದೆ ಬರುತ್ತಿತ್ತು, ಕಾಲು ತಾನಾಗಿ ನಿಧಾನವಾಗುತ್ತಿತ್ತು.

ಒಂದು ದಿನ ಅವನು ಹಾಗೇ ನಡೆದು ಬರುತ್ತಿದ್ದ. ಗಂಡಸರು ಹಾಡುತ್ತಿದ್ದರು. ಹೆಂಡತಿ ಅಳಲಿ ಎಂಬ ಸಾಲು ಬಂತು, ಎಲ್ಲರೂ ನಕ್ಕರು. ಅವನು ಬೀಗುತ್ತ ತಲೆಯೆತ್ತಿದ. ಬಂಡೆಯ ಅಂಚಿನಲ್ಲಿ, ಜಲ್ಲಿ ಒಡೆಯುವ ಹೆಂಗಸರ ನಡುವೆ ಅವನ ಹೆಂಡತಿ ನಿಂತಿದ್ದಳು. ಅಳುತ್ತಿರಲಿಲ್ಲ. ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಬಲಗೈಯಿಂದ ಅವುಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದುಕೊಂಡಿದ್ದಳು. ಅವಳ ಪಕ್ಕದಲ್ಲಿ ಆ ಹಳೆಯ ಬತ್ತಿಯವನ ಹೆಂಡತಿ ನಿಂತಿದ್ದಳು.

ಅವನು ಓಡಿದ.

ಓಡಿದ ಅಂದರೆ ಅಂತಿಂಥ ಓಟವಲ್ಲ. ರುಮಾಲು ಬಿತ್ತು, ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಹಾಡು ಅರ್ಧಕ್ಕೇ ನಿಂತಿತು. ಅವನು ಮರೆಗೆ ಬಂದು ಬಿದ್ದ ಮೇಲೆ ಮದ್ದು ಸಿಡಿಯಿತು. ಅವನು ಬಿಟ್ಟುಬಂದ ದಾರಿಯಲ್ಲಿ ಕಲ್ಲು ಬಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಬ್ಬ ಹೋಗಿ ಮೊಳೆಯ ಮೇಲಿನ ಬಳೆ ತಂದ. ಬತ್ತಿಯವನು ತಾನಾಗಿಯೇ ಕೈ ಚಾಚಿದ. ಕಲ್ಲಿನ ಕೆಲಸ ಮಾಡಿದ ಕೈ, ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅವನ ಹೆಂಡತಿ ಮುಂದೆ ಬಂದಳು. ಕೈಗೆ ನೀರು ಸವರಿ, ಬಳೆಗಾರರು ಮಾಡುವಂತೆ ಗೆಣ್ಣು ಒತ್ತಿ ಒತ್ತಿ, ಒಡೆಯದ ಹಾಗೆ ತೊಡಿಸಿದಳು.

"ನೋಯ್ತನ್ರೀ?" ಎಂದಳು.

"ನಾಚಿಕಿ ಆಗಾಕತ್ತೈತಿ."

"ಆದ್ರ ಆಗ್ಲಿ ಬಿಡ್ರಿ. ಒಂದು ದಿನ ನಿಮ್ಮ ಕೈಯಾಗ ಬಳಿ ಇದ್ರ ಏನಾತ್ರೀ? ನನ್ನ ಕೈಯಾಗಿನವು ಉಳದ್ವು."

ಆ ಸಂಜೆ ಹಾಡುಗಾರ ತಿರುಗಿ ಅದೇ ಹಾದಿಯಲ್ಲಿ ಬಂದ. ಜನ ಅದೇ ಹಾಡು ಬೇಕೆಂದರು. ಅವನು ತಾನು ಕಟ್ಟಿದ ಹಾಗೆಯೇ ಹಾಡಿದ, ಒಂದಕ್ಷರ ಬದಲಿಸಲಿಲ್ಲ. ಬೇಕಿದ್ದರೆ ಗುಡ್ಡ ಓಡಲಿ ಎಂಬಲ್ಲಿಗೆ ಬಂದಾಗ ಬತ್ತಿಯವನಿಗೆ ತಡೆಯಲಾರದಷ್ಟು ನಗು ಬಂತು. ಬಳೆಯ ಕೈಯಿಂದ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕ. ಅಷ್ಟು ಸಾರಿ ಕೇಳಿದ್ದ ಹಾಡು, ಅವನಿಗೆ ನಗು ತರಿಸಿದ್ದು ಅದೇ ಮೊದಲು. ಮಾರನೆಯ ದಿನದಿಂದ ಅವನು ಬತ್ತಿ ಹಚ್ಚಿ ಎಲ್ಲರ ಹಾಗೆ ಓಡಿಬರತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಮುಖ ಅರಳಿತ್ತು.

"ಹಾಗಾದರೆ ಅದು ಗೇಲಿಯೇ ಅಂತಾಯಿತು! ನಾನು ಹೇಳಿದ್ದೂ ಅದನ್ನೇ ಗುರುಗಳೇ. ಈಗಲೇ ಹೋಗಿ ಅವನಿಗೆ ಹೇಳುತ್ತೇನೆ, ನಾನೇ ಗೆದ್ದೆ ಅಂತ."

ಗುರುಗಳು ಅವನ ಬಲಗೈಯನ್ನು ಮೆಲ್ಲಗೆ ಎಳೆದುಕೊಂಡು ಕರವಸ್ತ್ರ ಬಿಚ್ಚಿದರು. ಗೆಣ್ಣುಗಳು ಊದಿಕೊಂಡಿದ್ದವು. ಗೆಳೆಯನ ಹಲ್ಲು ತಾಗಿದ ಗುರುತು ಇನ್ನೂ ಮಾಸಿರಲಿಲ್ಲ.

"ಅದು ಗೇಲಿ ಅಂತ ನಿನಗೆ ಗೊತ್ತಿತ್ತು, ಸರಿ; ಈ ಕೈಗೆ ಯಾಕೆ ಗೊತ್ತಾಗಲಿಲ್ಲ?"