ನಕ್ಕವರ ಸಾಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ಜೊತೆ ದುಡಿಯುವವನೊಬ್ಬನನ್ನು ಅವನ ಬಣ್ಣ ಹಿಡಿದು ಹೀಯಾಳಿಸುತ್ತಾರೆ. ಅನ್ನುವವನು ನಾನಲ್ಲ, ಅನ್ನಿಸಿಕೊಳ್ಳುವವನೂ ನಾನಲ್ಲ. ಪಕ್ಕದಲ್ಲಿ ಕುಳಿತವನಿಗೆ ಅದರಲ್ಲಿ ಯಾವ ಹೊಣೆ?"

ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದ ಊರಿನಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇತ್ತು. ಅಲ್ಲಿ ಹೆಂಗಸರು ಸಾಲಾಗಿ ಮಣೆ ಹಾಕಿಕೊಂಡು ಕುಳಿತು ಬೀಜದ ಒಳಸಿಪ್ಪೆ ಬಿಡಿಸುತ್ತಿದ್ದರು. ಆ ಸಾಲಿಗೆ ಜುಲಿಯಾನಾ ಎಂಬವಳು ಹೊಸದಾಗಿ ಸೇರಿದಳು. ಅವಳು ಸಿದ್ದಿ ಜನಾಂಗದವಳು. ಅವಳ ಹಿರಿಯರು ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರು. ಅವಳು ಹುಟ್ಟಿ ಬೆಳೆದದ್ದು ಇದೇ ಸೀಮೆಯ ಕಾಡಂಚಿನಲ್ಲಿ. ಆಡುತ್ತಿದ್ದುದು ಇದೇ ಕನ್ನಡ.

ಕಾರ್ಖಾನೆಯ ಮೇಸ್ತ್ರಿ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. "ಏ ಆಫ್ರಿಕಾ" ಎಂದು ಕರೆದ. ಹೆಂಗಸರು ನಕ್ಕರು. ಜುಲಿಯಾನಾಳೂ ನಕ್ಕಳು. ಕೆಲಸ ಬೇಕಾಗಿತ್ತು.

ಒಂದು ಬೆಳಿಗ್ಗೆ ಮೇಸ್ತ್ರಿ ಅವಳ ಮಣೆಯನ್ನು ಕಾಲಿನಿಂದ ಸರಿಸಿದ. "ನೀನು ಬಾಗಿಲ ಹತ್ತಿರ ಕೂತ್ಕೋ. ನಿನ್ನ ಕೈಬಣ್ಣ ಬಿಳಿ ಬೀಜಕ್ಕೆಲ್ಲ ಹತ್ತೀತು" ಎಂದ. ಇಡೀ ಸಾಲು ನಕ್ಕಿತು. ಜುಲಿಯಾನಾ ಮಣೆ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಕುಳಿತಳು.

ಅದುವರೆಗೆ ಅವಳ ಪಕ್ಕದಲ್ಲಿ ಕುಳಿತಿದ್ದವಳು ಮಾದೇವಿ. ಅವಳಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಎಲ್ಲರೂ ನಕ್ಕಾಗ ಅವಳ ಮುಖದ ಮೇಲೂ ನಗು ಬಂದಿತ್ತು. ಸಂಜೆ ದಾರಿಯಲ್ಲಿ ಜುಲಿಯಾನಾಳನ್ನು ಕೂಡಿಕೊಂಡು, "ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಾರಾಯ್ತಿ. ಅವನ ಬಾಯಿಯೇ ಹಾಗೆ" ಎಂದಳು.

ಜುಲಿಯಾನಾ ನಡೆಯುತ್ತಲೇ ಹೇಳಿದಳು: "ಅಂದವನು ಅವನೊಬ್ಬ, ಅಕ್ಕಾ. ನಕ್ಕವರು ಒಂದು ಸಾಲು. ಅವನು ಅಂದಾಗ ನೀನು ಅಲ್ಲೇ ಇದ್ದೆ. ಆಗ ಬಾರದ ಮಾತು ಈಗ ಯಾರೂ ಇಲ್ಲದ ದಾರಿಯಲ್ಲಿ ಬಂತು."

ಮಾದೇವಿಗೆ ಸಿಟ್ಟು ಬಂತು. ಮೊದಲು ಜುಲಿಯಾನಾಳ ಮೇಲೆ ಬಂತು. ಮನೆ ಮುಟ್ಟುವ ಹೊತ್ತಿಗೆ ಅದು ತನ್ನ ಮೇಲೆ ತಿರುಗಿತ್ತು.

ಮರುದಿನ ಮಾದೇವಿ ತನ್ನ ಮಣೆ ಎತ್ತಿಕೊಂಡು ಹೋಗಿ ಬಾಗಿಲ ಹತ್ತಿರ, ಜುಲಿಯಾನಾಳ ಪಕ್ಕದಲ್ಲಿ ಕುಳಿತಳು.

ಮೇಸ್ತ್ರಿ ಬಂದ. "ನಿನಗ್ಯಾರು ಇಲ್ಲಿ ಕೂರಲು ಹೇಳಿದ್ದು? ನಾನು ಹೇಳಿದ್ದು ಆಫ್ರಿಕಾಗೆ."

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಇವಳು ಜುಲಿಯಾನಾ."

"ತಮಾಷೆಗೆ ಅಂದರೆ ಇಷ್ಟು ದೊಡ್ಡದು ಮಾಡುತ್ತೀಯಾ? ಅವಳೇ ನಗುತ್ತಾಳೆ. ಬೇಕಾದರೆ ಅವಳನ್ನೇ ಕೇಳು."

"ಅವಳನ್ನು ಯಾಕೆ ಕೇಳಬೇಕು? ಅದು ನನ್ನ ಕಿವಿಗೂ ಬಿದ್ದಿದೆ. ನನ್ನನ್ನು ಕೇಳಿ. ನನಗೆ ನಗು ಬರುತ್ತಿಲ್ಲ."

ಕೋಣೆಯಲ್ಲಿ ಸಿಪ್ಪೆ ಬಿಡಿಸುವ ಸದ್ದು ನಿಂತಿತು. ಮೇಸ್ತ್ರಿ ಸಾಲಿನ ಕಡೆ ನೋಡಿದ. ಯಾರಾದರೂ ನಕ್ಕಾರು ಎಂದುಕೊಂಡಿದ್ದ. ಯಾರೂ ನಗಲಿಲ್ಲ. ಅವನ ಮುಖ ಕೆಂಪಾಯಿತು. ಮಾದೇವಿಯನ್ನು ಬೀಜ ಒಡೆಯುವ ಕೆಲಸಕ್ಕೆ ಹಾಕಿದ. ಅಲ್ಲಿ ಗಟ್ಟಿ ಸಿಪ್ಪೆಯ ಎಣ್ಣೆ ತಾಗಿ ಕೈ ಸುಡುತ್ತದೆ, ಚರ್ಮ ಏಳುತ್ತದೆ. ಮಾದೇವಿ ಹೋದಳು. ತಲೆ ಮಾತ್ರ ತಗ್ಗಿಸಲಿಲ್ಲ.

ಬಾಗಿಲ ಹತ್ತಿರ ಅವಳು ಕುಳಿತಿದ್ದ ಜಾಗ ಖಾಲಿಯಾಯಿತು. ಸ್ವಲ್ಪ ಹೊತ್ತು ಖಾಲಿಯೇ ಇತ್ತು. ಆಮೇಲೆ ಸಾಲಿನ ಹಿರಿಯ ಹೆಂಗಸೊಬ್ಬಳು ಮೊಣಕಾಲು ಹಿಡಿದುಕೊಂಡು ಎದ್ದಳು. ಮಣೆ ತಂದು ಅಲ್ಲಿ ಹಾಕಿದಳು. ಮೇಸ್ತ್ರಿ ಅವಳನ್ನೂ ಬೀಜ ಒಡೆಯಲು ಕಳಿಸಿದ. ಆ ಜಾಗಕ್ಕೆ ಇನ್ನೊಬ್ಬಳು ಬಂದಳು. ಅವಳ ಹಿಂದೆ ಮತ್ತೊಬ್ಬಳು. ಮೊದಲ ದಿನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳೂ ಎದ್ದು ಬಂದಳು. ಕೊನೆಗೆ ಒಳಗಿನ ಸಾಲಿನಲ್ಲಿ ಯಾರೂ ಉಳಿಯಲಿಲ್ಲ. ಎಲ್ಲರನ್ನೂ ಕಳಿಸಿದರೆ ಸಿಪ್ಪೆ ಬಿಡಿಸುವವರಾರು? ಮೇಸ್ತ್ರಿ ಇನ್ನು ಯಾರನ್ನೂ ಕಳಿಸಲಿಲ್ಲ.

ಆಗ ಜುಲಿಯಾನಾ ಎದ್ದಳು. ಮಣೆ ಎತ್ತಿಕೊಂಡು ಅವನ ಮುಂದೆಯೇ ನಡೆದು ತನ್ನ ಹಳೆಯ ಜಾಗದಲ್ಲಿ ಹಾಕಿದಳು. "ನನ್ನ ಹೆಸರು ಜುಲಿಯಾನಾ. ನನ್ನ ಜಾಗ ಇದು. ಮಾದೇವಕ್ಕ ಕೂರುವ ಜಾಗ ಪಕ್ಕದ್ದು" ಎಂದಳು. ನಗಲಿಲ್ಲ.

ಮೇಸ್ತ್ರಿ ಅಂದಿನಿಂದ ಅವಳನ್ನು ಹೆಸರು ಹಿಡಿದು ಕರೆದ, ಒಲ್ಲದ ಮನಸ್ಸಿನಿಂದ. ಬೀಜ ಒಡೆಯಲು ಹೋದವರ ಜೊತೆ ಮಾದೇವಿಯೂ ತನ್ನ ಜಾಗಕ್ಕೆ ಮರಳಿದಳು. ಅವಳ ಬೆರಳುಗಳ ಚರ್ಮ ಸುಲಿದಿತ್ತು. ಅದು ಮಾಯುವವರೆಗೆ ಅವಳ ಪಾಲಿನ ಬೀಜವನ್ನೂ ಜುಲಿಯಾನಾಳೇ ಬಿಡಿಸಿದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ: "ಆ ಮೇಸ್ತ್ರಿಗೆ ಕೊನೆಗಾದರೂ ತನ್ನ ತಪ್ಪು ತಿಳಿಯಿತೇ, ಗುರುಗಳೇ?"

ಗುರುಗಳು ಹೇಳಿದರು: "ಅವನ ಮಾತು ಹಾಗಿರಲಿ, ನೀನು ಅಲ್ಲಿದ್ದಿದ್ದರೆ, ಎಷ್ಟು ಜನ ಎದ್ದ ಮೇಲೆ ಏಳುತ್ತಿದ್ದೆ?"