ಕೆಂಚಿ ಒಂದು ಹೆಜ್ಜೆ ಹಿಂದೆ ಸರಿದದ್ದು

ಲೋಕ ಆಗಷ್ಟೇ ಹುಟ್ಟಿ, ಬೆಟ್ಟಗಳ ಮೈ ಇನ್ನೂ ಬೆಚ್ಚಗಿದ್ದ ಕಾಲ ಅದು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಗೊತ್ತಾಗಿ ನಾಲ್ಕೇ ದಿನವಾಗಿತ್ತು. ಗಾಳಿ ಇನ್ನೂ ಹುಡುಗಾಟ ಬಿಟ್ಟಿರಲಿಲ್ಲ. ಮರ, ಹಕ್ಕಿ, ಮನುಷ್ಯರು ಎಲ್ಲರೂ ಒಂದೇ ಮಾತು ಆಡುತ್ತಿದ್ದರು.

ಆ ಕಾಲದಲ್ಲಿ ಕೋಳಿಗೆ ನೆಲ ಕೆರೆಯಲು ಬರುತ್ತಿರಲಿಲ್ಲ. ಕಾಲಿತ್ತು, ಉಗುರಿತ್ತು. ಆದರೆ ಅವು ನಡೆಯುವುದಕ್ಕೆ ಮಾತ್ರ ಅಂತ ಅದು ತಿಳಿದಿತ್ತು. ಯಾರಾದರೂ ಕಾಳು ಚೆಲ್ಲಿದರೆ ತಿನ್ನುವುದು, ಹುಲ್ಲಿನ ಮೇಲೆ ಹುಳ ಕಂಡರೆ ಕುಕ್ಕುವುದು, ಅಷ್ಟೆ.

ಒಂದು ದಿಣ್ಣೆಯ ಮೇಲೆ ಸಣ್ಣೀರಮ್ಮ ಮತ್ತು ಅವಳ ಗಂಡ ಕಾಟಯ್ಯ ಗುಡಿಸಲು ಕಟ್ಟಿಕೊಂಡಿದ್ದರು. ಗುಡಿಸಲ ಹಿಂದೆ ಪುಟ್ಟ ಹಿತ್ತಲು, ಹಿತ್ತಲ ಮೂಲೆಯಲ್ಲಿ ಒಂದು ಹೊಂಗೆ ಮರ. ಮನೆಯಲ್ಲಿ ಮೂರನೆಯವಳು ಕೆಂಚಿ. ಕೆಂಚಿ ಅಂದರೆ ಕಂದು ಬಣ್ಣದ ಕೋಳಿ. ಸಣ್ಣೀರಮ್ಮ ಉಣ್ಣಲು ಕೂತರೆ ಕೆಂಚಿಯೂ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಮೊದಲ ತುತ್ತು ಅವಳದ್ದೇ. ಕಾಟಯ್ಯನಿಗೆ ಆಮೇಲೆ.

ಆ ವರ್ಷ ಲೋಕಕ್ಕೆ ಮೊದಲನೆಯ ವಸಂತ ಬಂತು. ವಸಂತ ಅಂದರೇನೆಂದು ಯಾರಿಗೂ ಗೊತ್ತಿರಲಿಲ್ಲ. ಚಳಿ ಕಡಿಮೆಯಾಯಿತು, ಬಿಸಿಲಿಗೆ ಸ್ವಲ್ಪ ರುಚಿ ಬಂತು, ಸಣ್ಣೀರಮ್ಮನಿಗೆ ಏನಾದರೂ ನೆಡಬೇಕು ಅನ್ನಿಸಿತು. ಅವಳು ಹಿತ್ತಲಲ್ಲಿ ಪಾತಿ ಮಾಡಿ, ಅಲಸಂದೆ ಬೀಜ ಊರಿ, ದಿನಾ ಹೊಳೆಯಿಂದ ಒಂದು ಕೊಡ ನೀರು ತಂದು ಹಾಕಿದಳು. ಗುಡಿಸಲೊಳಗೆ ಕೆಂಚಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿದ್ದಳು.

ಹೊಂಗೆ ಮರಕ್ಕೆ ಮಾತ್ರ ಭಯ ಹತ್ತಿತು. ಅದರ ಎಲೆಗಳು ಹಳದಿಯಾಗಿ ಒಂದೊಂದೇ ಉದುರುತ್ತಿದ್ದವು. ಅದುವರೆಗೆ ಯಾವ ಮರವೂ ಎಲೆ ಉದುರಿಸಿರಲಿಲ್ಲ. ತಾನು ಸಾಯುತ್ತಿದ್ದೇನೆ ಅಂತ ಅದು ಅತ್ತಿತು. ಸಣ್ಣೀರಮ್ಮ ಕೊಡ ಕೆಳಗಿಟ್ಟು, ಮರದ ಬೊಡ್ಡೆ ಸವರಿ, ಒಂದು ಕೊಂಬೆಯನ್ನು ಬಗ್ಗಿಸಿ ತೋರಿಸಿದಳು. ಉದುರಿದ ಜಾಗದಲ್ಲಿ ಇರುವೆ ತಲೆಯಷ್ಟು ಚಿಗುರು ಎದ್ದಿತ್ತು. ಅದನ್ನು ಕಂಡ ಮೇಲೆ ಮರ ಸಮಾಧಾನಗೊಂಡು ಎಲ್ಲ ಎಲೆಗಳನ್ನೂ ಒಟ್ಟಿಗೇ ಬಿಟ್ಟುಬಿಟ್ಟಿತು. ಮರದ ಬುಡದ ಸುತ್ತ ಮೊಣಕಾಲುದ್ದ ಎಲೆ ಬಿತ್ತು.

ಇಪ್ಪತ್ತೊಂದನೆಯ ದಿನ ಮೊಟ್ಟೆ ಒಡೆದವು. ಹತ್ತು ಮರಿ ಬೆಳಿಗ್ಗೆಯೇ ಹೊರಬಂದವು. ಹನ್ನೊಂದನೆಯದು ಸಂಜೆಯವರೆಗೂ ಚಿಪ್ಪಿನೊಳಗೇ ಇತ್ತು. ಬಂದಾಗ ನೋಡಿದರೆ ಹೊಂಗೆ ಕಾಯಿಯಷ್ಟೇ ಇತ್ತು. ಸಣ್ಣೀರಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು, ಉಸಿರು ಬಿಟ್ಟು ಬೆಚ್ಚಗೆ ಮಾಡಿ, ತಾಯಿಯ ರೆಕ್ಕೆಯೊಳಗೆ ತೂರಿಸಿದಳು.

ಎರಡು ದಿನ ಕಳೆದ ಮೇಲೆ ಕೆಂಚಿ ಮರಿಗಳನ್ನು ಹಿತ್ತಲಿಗೆ ಕರೆತಂದಳು. ಮರಿಗಳು ಬಿದ್ದು ಎದ್ದು ನಡೆದವು. ಅದೇ ಹೊತ್ತಿಗೆ ಗಾಳಿ ಅಲ್ಲಿಗೆ ಬಂತು. ಅಷ್ಟೊಂದು ಎಲೆ ಒಂದೇ ಕಡೆ ಬಿದ್ದಿದ್ದನ್ನು ಅದು ಹಿಂದೆಂದೂ ಕಂಡಿರಲಿಲ್ಲ. ಖುಷಿ ತಡೆಯಲಾರದೆ ಗಿರಗಿರನೆ ಸುತ್ತಿತು. ಎಲೆ, ಧೂಳು, ಬೇಲಿಯ ಮುಳ್ಳುಕಡ್ಡಿ ಎಲ್ಲವನ್ನೂ ಎತ್ತಿ ಆಡಿಸಿ, ಅಲಸಂದೆ ಪಾತಿಯ ಮೇಲೆ ಸೊಂಟದೆತ್ತರಕ್ಕೆ ಗುಡ್ಡೆ ಹಾಕಿತು.

ಕೆಂಚಿ ರೆಕ್ಕೆ ಅಗಲಿಸಿ ಕೂಗಿದಳು. ಮರಿಗಳು ಓಡಿಬಂದು ಒಳಗೆ ಸೇರಿಕೊಂಡವು. ಅವಳಿಗೆ ಎಣಿಸಲು ಬರುತ್ತಿರಲಿಲ್ಲ. ಆದರೆ ಎಡರೆಕ್ಕೆಯ ಅಡಿಯಲ್ಲಿ ಒಂದು ಜಾಗ ತಣ್ಣಗಿತ್ತು.

ಗುಡ್ಡೆಯ ಅಡಿಯಿಂದ ಸಣ್ಣಗೆ ಚಿಂವ್ ಚಿಂವ್ ಅಂತ ಕೇಳಿಸಿತು.

ಸಣ್ಣೀರಮ್ಮ ಓಡಿಬಂದಳು. ಎರಡು ಕೈಯಲ್ಲಿ ಎಲೆ ತೆಗೆದಳು. ತೆಗೆದಷ್ಟೂ ಮೇಲಿನದು ಜಾರಿ ಕೆಳಗೆ ಬಂತು, ಕೈಗೆ ಮುಳ್ಳು ಚುಚ್ಚಿತು. ಮುಂದೆ ಕಾಲಿಟ್ಟರೆ ಮರಿಯನ್ನೇ ತುಳಿದುಬಿಟ್ಟೇನು ಅಂತ ಹೆದರಿ ನಿಂತಳು. ಕಾಟಯ್ಯ ಗುದ್ದಲಿ ತಂದ. ಕೆಂಚಿ ಅವನ ಕಾಲಿಗೆ ಅಡ್ಡ ಬಂದು ನಿಂತಳು.

"ಬೇಡಪ್ಪ," ಅಂದಳು. "ಅದಕ್ಕೆ ಕಣ್ಣಿಲ್ಲ."

ಕಾಟಯ್ಯ ಗುದ್ದಲಿಯನ್ನು ಪಕ್ಕಕ್ಕಿಟ್ಟ.

ಕೆಂಚಿ ಗಾಳಿಯನ್ನು ಕರೆದು, ತಂದು ಹಾಕಿದ್ದನ್ನು ನೀನೇ ತೆಗೆ ಅಂತ ಕೇಳಿಕೊಂಡಳು. ಗಾಳಿ ಬೇಲಿಯ ಹಿಂದೆ ಮುದುರಿ ಕೂತಿತ್ತು. ತನ್ನಿಂದ ಏನಾಯಿತೆಂದು ಅದಕ್ಕೆ ಆಗಲೇ ತಿಳಿದಿತ್ತು. ಬೀಸಬಲ್ಲೆ, ಆದರೆ ಎಲೆಗೂ ಮರಿಗೂ ನನಗೆ ಭಾರದ ವ್ಯತ್ಯಾಸ ತಿಳಿಯುವುದಿಲ್ಲ, ಎಲೆಯ ಜೊತೆ ಅದೂ ಹಾರಿಹೋದರೆ ಏನು ಮಾಡಲಿ ಅಂತ ತಗ್ಗಿದ ದನಿಯಲ್ಲಿ ಹೇಳಿತು.

ಇನ್ನು ಯಾರನ್ನು ಕೇಳುವುದು? ಕೆಂಚಿ ತನ್ನ ಕಾಲನ್ನೇ ನೋಡಿಕೊಂಡಳು. ಉಗುರುಗಳನ್ನು ನೋಡಿಕೊಂಡಳು. ಬಲಗಾಲನ್ನು ಗುಡ್ಡೆಗೆ ಚುಚ್ಚಿ ಜೋರಾಗಿ ಹಿಂದಕ್ಕೆ ಎಳೆದಳು. ಒಂದು ರಾಶಿ ಎಲೆ ಹಿಂದಕ್ಕೆ ಚಿಮ್ಮಿತು. ಎಡಗಾಲಿನಲ್ಲಿ ಎಳೆದಳು. ಇನ್ನೊಂದು ರಾಶಿ ಚಿಮ್ಮಿತು. ಮುಳ್ಳು ಅವಳ ಗಟ್ಟಿ ಕಾಲಿಗೆ ನಾಟಲಿಲ್ಲ. ಬಲ, ಎಡ, ಬಲ, ಎಡ ಅಂತ ಹುಚ್ಚು ಹಿಡಿದವಳ ಹಾಗೆ ಕೆರೆದಳು.

ಆಗ ಒಳಗಿಂದ ಮರಿ ಕಿರುಚಿತು.

ಕೆಂಚಿಯ ಕಾಲು ಎತ್ತಿದಲ್ಲೇ ನಿಂತಿತು. ತನ್ನ ಉಗುರೇ ಮರಿಗೆ ತಾಗಿತೇನೋ ಎಂದು ಹೆದರಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ತಲೆ ಓರೆ ಮಾಡಿ, ಒಂದು ಕಣ್ಣಿನಿಂದ ಕೆದಕಿದ ಜಾಗವನ್ನೆಲ್ಲ ನೋಡಿದಳು. ನೆತ್ತರಿಲ್ಲ. ಪುಕ್ಕವಿಲ್ಲ. ಕಡ್ಡಿಯೊಂದು ಜರುಗಿತ್ತು, ಅಷ್ಟೆ. ಆದರೆ ಚಿಂವ್ ಚಿಂವ್ ಅನ್ನುವುದು ನಿಂತುಹೋಗಿತ್ತು.

ಆಮೇಲೆ ಅವಳು ಮೆತ್ತಗೆ ಕೆರೆದಳು. ಬಲಗಾಲಿನಿಂದ ಒಂದು ಸಲ, ಎಡಗಾಲಿನಿಂದ ಒಂದು ಸಲ, ಒಂದು ಹೆಜ್ಜೆ ಹಿಂದೆ, ತಲೆ ಓರೆ ಮಾಡಿ ನೋಡುವುದು. ಮರಿ ಕಾಣದಿದ್ದರೆ ಮತ್ತೆ ಮುಂದೆ. ಬಲ, ಎಡ, ಹಿಂದೆ, ನೋಡುವುದು. ಗುಡ್ಡೆ ದೊಡ್ಡದು, ಕಾಲು ಚಿಕ್ಕದು.

ಬಿಸಿಲು ಇಳಿಯಿತು. ಸಂಜೆಯ ತಂಪಿಗೆ ಉಳಿದ ಮರಿಗಳು ನಡುಗಿ ತಾಯಿಯ ಕಾಲ ಸುತ್ತ ಅಳತೊಡಗಿದವು. ಅವಕ್ಕೆ ಬೆಚ್ಚಗಿನ ರೆಕ್ಕೆ ಬೇಕಿತ್ತು. ಕೆಂಚಿ ಅವುಗಳ ಕಡೆ ಎರಡು ಹೆಜ್ಜೆ ಹೋದಳು, ಗುಡ್ಡೆಯ ಕಡೆ ಎರಡು ಹೆಜ್ಜೆ ಬಂದಳು. ಒಂದು ಮರಿಗಾಗಿ ಹತ್ತನ್ನು ಕಳೆದುಕೊಳ್ಳಬೇಡ ಅಂತ ಕಾಟಯ್ಯ ಮೆಲ್ಲಗೆ ಹೇಳಿದ. ಅವನೂ ಕಣ್ಣು ಒರೆಸಿಕೊಳ್ಳುತ್ತಿದ್ದ.

ಸಣ್ಣೀರಮ್ಮ ನೆಲದ ಮೇಲೆ ಕಾಲು ಚಾಚಿ ಕೂತಳು. ಮುಳ್ಳು ತರಚಿದ ಕೈಯಲ್ಲೇ ಒಂದೊಂದೇ ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಹತ್ತರ ಮೇಲೂ ಸೆರಗು ಮುಚ್ಚಿದಳು.

"ಈ ಹತ್ತನ್ನ ನಾನು ನೋಡ್ಕೊತೀನಿ ಕಣವ್ವ," ಅಂದಳು. "ನೀನು ಹೋಗಿ ಆ ಒಂದನ್ನ ನೋಡು."

ಮಡಿಲಿನ ಬಿಸಿಗೆ ಮರಿಗಳು ಸುಮ್ಮನಾದವು. ಕೆಂಚಿ ಗುಡ್ಡೆಗೆ ಮರಳಿದಳು. ಬಲ, ಎಡ, ಹಿಂದೆ, ನೋಡುವುದು. ಬೇಲಿಯ ಹಿಂದಿನ ಗಾಳಿ ಎದ್ದು ಬಂದು, ಅವಳು ಹಿಂದಕ್ಕೆ ಎಸೆದ ಎಲೆಗಳನ್ನು ಮಾತ್ರ ಹುಷಾರಾಗಿ ಎತ್ತಿ ದಿಣ್ಣೆಯಾಚೆ ಹಾಕತೊಡಗಿತು.

ಕೊನೆಯ ಪದರ ಉಳಿದಾಗ ಕೆಂಚಿ ಒಂದೇ ಒಂದು ಉಗುರಿನಿಂದ ಎಲೆ ಸರಿಸಿದಳು. ಹಿಂದೆ ಸರಿದಳು. ತಲೆ ಓರೆ ಮಾಡಿ ನೋಡಿದಳು.

ಪಾತಿಯಲ್ಲಿ ಅಲಸಂದೆ ಮೊಳೆತಿತ್ತು. ಏಳೆಂಟು ಮೊಳಕೆಗಳು ಕತ್ತು ಬಗ್ಗಿಸಿ, ಬೆನ್ನ ಮೇಲೆ ಒಂದು ಅಗಲವಾದ ಎಲೆಯನ್ನು ಹೊತ್ತು ನಿಂತಿದ್ದವು. ಅದರಡಿಯಲ್ಲಿ ಬೊಗಸೆಯಷ್ಟು ಜಾಗ ಉಳಿದಿತ್ತು. ಅಲ್ಲಿ ಆ ಹನ್ನೊಂದನೆಯ ಮರಿ ಕೊಕ್ಕನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿತ್ತು. ಕೆಂಚಿ ಕೊಕ್ಕು ತಾಗಿಸಿದಳು. ಮೈ ಬೆಚ್ಚಗಿತ್ತು. ಅತ್ತು ಅತ್ತು ದಣಿದು ಅದು ನಿದ್ದೆ ಹೋಗಿತ್ತು.

ಎಚ್ಚರವಾದದ್ದೇ ಹಸಿವು ಅಂತ ಗಲಾಟೆ ಮಾಡಿತು. ಕೆದಕಿದ ಹಸಿಮಣ್ಣಿನಲ್ಲಿ ಒಂದು ಹುಳ ಹೊರಳಾಡುತ್ತಿತ್ತು. ಕೆಂಚಿ ಅದನ್ನೇ ಎತ್ತಿ ಕೊಟ್ಟಳು. ಮಣ್ಣಿನ ಒಳಗೂ ಊಟವಿದೆ ಅಂತ ಕೋಳಿಗೆ ಗೊತ್ತಾದದ್ದು ಆವಾಗಲೇ.

ಅವತ್ತಿನಿಂದ ಕೆಂಚಿ ಎಲೆಯ ಗುಡ್ಡೆ ಕಂಡರೆ ಸುಮ್ಮನೆ ದಾಟಿಹೋಗಲಾರದಾದಳು. ಯಾರ ಮರಿ ಸಿಕ್ಕಿಕೊಂಡಿದೆಯೋ ಅಂತ ಕೆದಕಿ ನೋಡುವಳು. ಅವಳನ್ನು ನೋಡಿ ಹನ್ನೊಂದು ಮರಿಗಳೂ ಕಲಿತವು. ಅವು ಸೇರಿ ಸಣ್ಣೀರಮ್ಮನ ಅಲಸಂದೆ ಪಾತಿಯನ್ನು ಮೂರು ಸಲ ಕೆದಕಿ ಹಾಕಿದವು. ಅವಳು ಮೂರು ಸಲವೂ ಬೀಜ ಊರಿದಳು. ನಾಲ್ಕನೆಯ ಸಲ ಕಾಟಯ್ಯನ ಕೈಲಿ ಪಾತಿಯ ಸುತ್ತ ಕಡ್ಡಿಬೇಲಿ ಕಟ್ಟಿಸಿದಳು. ಕೋಳಿಗಳನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ.

ಈಗ ಕೋಳಿಗೂ ನಮಗೂ ಮಾತಿಲ್ಲ, ಮಗಾ. ಆದರೂ ಇವತ್ತು ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಕೋಳಿ ಬಲಗಾಲಿನಿಂದ ಒಂದು ಸಲ, ಎಡಗಾಲಿನಿಂದ ಒಂದು ಸಲ ಕೆರೆದು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೆಲವನ್ನೇ ನೋಡುತ್ತ ನಿಂತದ್ದನ್ನು ಕಂಡು ಯಾಕೆ ಅಂತ ಕೇಳಿದೆಯಲ್ಲ, ಅದು ಕಲಿತದ್ದು ಅವತ್ತು.